ತಂಬೂರಿ ಹೋಗುವ ಭಾನುವಾರ

ಮತ್ತೆ ಅದೇ ಚೌಕ, ಪರದೆಯ ನಡುಮಧ್ಯೆ, ಕೆಂಪು ಗುರುತು, ವರ್ಚುವಲ್ ಮಷೀನ್ ಶುರುವಾಗಲಿಲ್ಲ, ಕರ್ನಲ್ ಡ್ರೈವರ್ ಇಲ್ಲ, ಕೆಳಗೊಂದು ಓಕೆ — ಏನು ಓಕೆ, ಯಾವುದು ಓಕೆ, ಆದರೂ ಪ್ರದ್ಯುಮ್ನ ಅದನ್ನೇ ಒತ್ತಿದ, ಒತ್ತದೆ ಬೇರೆ ಗತಿಯಿಲ್ಲ, ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಬರುತ್ತಿದೆ, ಸಾಸಿವೆ ಸಿಡಿಯುವುದು ಇಲ್ಲಿಗೇ ಕೇಳುತ್ತಿದೆ, ಬಾಣಲೆಯ ಮುಂದೆಯೇ ನಿಂತ ಅಮ್ಮನಿಗೆ ಕೇಳಿಸುತ್ತಿಲ್ಲ, ಅಮ್ಮ ಅದನ್ನು ಮೂಗಿನಿಂದಲೇ ತಿಳಿಯಬೇಕು, ಯಾಕೆಂದರೆ ಅಮ್ಮನ ಎರಡೂ ಕಿವಿಯ ಯಂತ್ರಗಳು ಇಲ್ಲಿವೆ, ಇವನ ಮೇಜಿನ ಮೇಲೆ, ಸಣ್ಣ ವೈರುಗಳ ತುದಿಯಲ್ಲಿ, ಸೋಪಿನ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆಗೆ ಸಿಕ್ಕಿಸಿಕೊಂಡು, ಆ ಪೆಟ್ಟಿಗೆಯಿಂದ ಇನ್ನೊಂದು ವೈರು ಲ್ಯಾಪ್‌ಟಾಪಿಗೆ. ಪೆಟ್ಟಿಗೆ ವಸಂತನದು, ಅಗ್ರಹಾರದಲ್ಲಿ ಕಿವಿಯಂತ್ರದ ಅಂಗಡಿ ಇಟ್ಟಿರುವ ವಸಂತ, ಹೈಸ್ಕೂಲಿನಿಂದ ಜೊತೆಗಿರುವವನು, ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಕೊಟ್ಟಿದ್ದಾನೆ, ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ನನ್ನ ಟೇಬಲ್ ಮೇಲಿರಬೇಕು ಕಣೋ, ಅದಿಲ್ದೆ ನನ್ನ ಅಂಗಡಿ ನಡೆಯಲ್ಲ. ನಾಳೆಯ ಮಾತು ನಾಳೆಗಿರಲಿ, ಇವತ್ತು ಸಂಜೆ ಕೃಷ್ಣಸ್ವಾಮಿಗಳು ಆಟೋ ಮಾಡಿಕೊಂಡು ಬರುತ್ತಾರೆ, ಕುವೆಂಪುನಗರದಲ್ಲಿ ಸಂಗೀತ ಶಾಲೆ ನಡೆಸುವ ಕೃಷ್ಣಸ್ವಾಮಿಗಳು, ಬಂದು ಅಮ್ಮನ ತಂಬೂರಿ ತೆಗೆದುಕೊಂಡು ಹೋಗುತ್ತಾರೆ, ಅವರಾಗಿ ಕೇಳಿದ್ದಲ್ಲ, ಅಮ್ಮನೇ ಹೇಳಿ ಕಳಿಸಿದ್ದು, ಇನ್ನು ನನಗೆ ಶ್ರುತಿ ಸೇರೋದಿಲ್ಲ, ಸೇರದಿದ್ದ ಮೇಲೆ ಅದನ್ನ ಗೋಡೆಗೆ ಒರಗಿಸಿ ಧೂಳು ಹೊಡೀತಾ ಕೂರೋದು ಯಾವ ಭಾಗ್ಯ, ಅಲ್ಲಿ ಮಕ್ಕಳಿಗಾದ್ರೂ ಆಗಲಿ. ಅಷ್ಟರೊಳಗೆ ಈ ಯಂತ್ರ ಸರಿಹೋಗಬೇಕು, ಅಮ್ಮನ ಕಿವಿಗೆ ತಂಬೂರಿ ತಂಬೂರಿಯ ಹಾಗೆ ಕೇಳಬೇಕು, ಇಲ್ಲವಾದರೆ ಆಟೋ ಹೊರಟುಹೋಗುತ್ತೆ.

ಯಂತ್ರದ ಜೊತೆ ಮಾತಾಡುವ ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಬರುತ್ತದೆ, ಇವನದು ಲಿನಕ್ಸ್, ಹಟ ಹಿಡಿದು ಹಾಕಿಕೊಂಡ ಲಿನಕ್ಸ್, ಟ್ಯುಟೋರಿಯಲ್‌ನಲ್ಲಿ ಫಿಸಿಕ್ಸ್ ಹೇಳುವವನಿಗೆ ಅದಕ್ಕಿಂತ ಹೆಚ್ಚಿಗೆ ಏನು ಬೇಕು ಅಂತ ಊರೆಲ್ಲ ಭಾಷಣ ಮಾಡಿದವನು, ಈಗ ಲಿನಕ್ಸಿನ ಒಳಗೇ ಒಂದು ಸುಳ್ಳು ಕಂಪ್ಯೂಟರ್ ಮಾಡಿ ಅದರೊಳಗೆ ವಿಂಡೋಸ್ ಕೂರಿಸಿಕೊಂಡಿದ್ದಾನೆ, ಮನೆಯ ಹಿಂಭಾಗ ಬಾಡಿಗೆಗೆ ಕೊಟ್ಟ ಹಾಗೆ, ಅಮ್ಮನಿಗೆ ಬೆಳಿಗ್ಗೆ ಎಡಗಿವಿಯ ಹತ್ತಿರ ಕೂಗಿ ಕೂಗಿ ಅರ್ಥಮಾಡಿಸಿದ್ದಕ್ಕೆ, ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರಾ, ಇರೋ ಒಂದನ್ನ ನೆಟ್ಟಗೆ ಇಟ್ಕೊಳೋಕೆ ಬರಲ್ಲ ನಿಂಗೆ. ಹೋದ ವಾರ ಅಪ್‌ಡೇಟ್ ಬಂತು, ಕಣ್ಣುಮುಚ್ಚಿ ಹೂಂ ಅಂದ, ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಯಿತು, ಸುಳ್ಳು ಕಂಪ್ಯೂಟರ್ ನಡೆಸುವ ಡ್ರೈವರ್ ಹಳೆಯದಾಗಿಯೇ ಉಳಿಯಿತು, ಹೊಸ ಕರ್ನಲ್ಲಿಗೆ ಹಳೆಯ ಡ್ರೈವರ್ ಯಾರೋ ಏನೋ, ಗುರುತೇ ಇಲ್ಲ. ಮತ್ತೆ ಕಟ್ಟಬೇಕು, ಕಟ್ಟೋಕೆ ಹೆಡರ್ ಫೈಲುಗಳು ಬೇಕು, ಅವು ಇಳಿಯುತ್ತಿವೆ, ಕಪ್ಪು ಟರ್ಮಿನಲ್ಲಿನಲ್ಲಿ ಬಿಳಿ ಸಾಲುಗಳು ಸರಸರ ಮೇಲೆ ಹೋಗುತ್ತಿವೆ, ಹೋಗಲಿ, ಇದರಲ್ಲಿ ಕೈಯಾಡಿಸುವ ಕೆಲಸ ಏನಿಲ್ಲ, ನೋಡುತ್ತ ಕೂರುವುದೇ ಕೆಲಸ. ಎಷ್ಟು ದಡ್ಡರು ನಾವು, ಇಡೀ ಮನೆ, ಒಬ್ಬರಿಗೂ ಹೊಳೆಯಲಿಲ್ಲವಲ್ಲ. ಶ್ರುತಿ ಸೇರ್ತಿಲ್ಲ ಅಂತ ಅಮ್ಮ ಅಂದಾಗ ಮೊದಲು ತಂತಿ ಬದಲಾಯಿಸಿದೆವು, ಆಮೇಲೆ ಬೇರೆ ಅಂಗಡಿಯ ತಂತಿ ತರಿಸಿ ಹಾಕಿದೆವು, ಬ್ರಿಡ್ಜು ಸವೆದಿದೆಯೇನೋ ಅಂತ ಬಿಚ್ಚಿಸಿ ತೀಡಿಸಿದೆವು, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಉದಯಗಿರಿಯ ರಿಪೇರಿಯವನ ಹತ್ತಿರ ತೆಗೆದುಕೊಂಡು ಹೋದರೆ ಅವನು ಬಿಚ್ಚಿ ನೋಡಿ, ಸಾರ್ ಇದು ಚೆನ್ನಾಗೈತೆ, ಏನಂತ ರಿಪೇರಿ ಮಾಡ್ಲಿ, ಅಂದ, ಅವನಿಗೇನು ಗೊತ್ತು ಸಂಗೀತ ಅಂತ ಅದನ್ನು ಬಿಸಾಕಿ ಹೊಸದು ತಂದೆವು, ಹೊಸದೂ ಸೇರಲಿಲ್ಲ. ಎಲ್ಲವನ್ನೂ ಅನುಮಾನಿಸಿದೆವು, ಅಮ್ಮನ ಕಿವಿಯಲ್ಲಿ ಕೂತದ್ದನ್ನು ಬಿಟ್ಟು. ಹೇಗೆ ಅನುಮಾನಿಸುವುದು, ಈ ಮನೆಯಲ್ಲಿ ಶ್ರುತಿಯ ಮಾತು ಬಂದರೆ ಅಮ್ಮನ ಕಿವಿಯೇ ಹೈಕೋರ್ಟು, ಅಮ್ಮನ ಅಜ್ಜ ಅರಮನೆಯ ವಿದ್ವಾಂಸರಿಗೆ ತಂಬೂರಿ ಹಿಡಿದು ಕೂತವರು, ಅವರೇ ಏಳು ವರ್ಷದ ಮೊಮ್ಮಗಳನ್ನು ಕರೆದು ಸೇರಿದೆಯೇನಮ್ಮ ಅಂತ ಕೇಳುತ್ತಿದ್ದರಂತೆ, ಅಂಥ ಕಿವಿ. ಯಂತ್ರ ಹಾಕಿದ ಮೇಲೂ ನಮಗೆ ಅದು ಅದೇ ಕಿವಿ.

ಕಟ್ಟಿದ್ದಾಯಿತು, ಆದರೂ ಒಳಗೆ ಬಿಡುತ್ತಿಲ್ಲ, ಸಹಿ ಇಲ್ಲದ ಡ್ರೈವರ್ ಅಂತೆ, ಸೆಕ್ಯೂರ್ ಬೂಟ್ ಇರುವ ಲ್ಯಾಪ್‌ಟಾಪು, ಸಹಿ ಮಾಡಿ, ಆ ಸಹಿಯನ್ನು ಒಪ್ಪಿಸಲು ಒಂದು ಪಾಸ್‌ವರ್ಡ್ ಇಟ್ಟು, ಮತ್ತೆ ಆನ್ ಮಾಡಿದಾಗ ಬರುವ ನೀಲಿ ಪರದೆಯಲ್ಲಿ ಅದನ್ನೇ ಹೇಳಬೇಕು, ಆ ಪರದೆ ಬರುವುದೇ ಗಳಿಗೆಯ ಮಟ್ಟಿಗೆ, ಕೀಲಿ ಒತ್ತದಿದ್ದರೆ ತನ್ನ ಪಾಡಿಗೆ ಮುಂದೆ ಹೋಗಿಬಿಡುತ್ತೆ, ಸರಿ, ರೀಸ್ಟಾರ್ಟ್, ಕಪ್ಪಾಯಿತು, ತಯಾರಕರ ಗುರುತು ಬಂತು, ಈಗ ಬರುತ್ತೆ, ಈಗ — ಉಪ್ಪು ನೋಡೋ ಸ್ವಲ್ಪ, ಅಮ್ಮ ಅಂಗೈಯಷ್ಟಗಲದ ಬಟ್ಟಲಲ್ಲಿ ಹುಳಿ ತಂದು ಮೂಗಿನ ಹತ್ತಿರ ಹಿಡಿದಿದ್ದಾಳೆ, ಕಿವಿ ಕೇಳದಾಗ ಅಮ್ಮನ ದನಿ ಬೀದಿಗೆ ಕೇಳುವಷ್ಟಾಗುತ್ತೆ, ಇವನು ತಿರುಗಿದ, ಬಾಯಿಗಿಟ್ಟ, ತಲೆಯಾಡಿಸಿದ, ಸರಿಯಿದೆಯೋ ಇಲ್ಲವೋ ಬಾಯಿಬಿಟ್ಟು ಹೇಳು ಅಂದಳು, ಸರಿಯಿದೇಮ್ಮಾ, ತಿರುಗಿ ನೋಡಿದರೆ ನೀಲಿ ಬಂದು ಹೋಗಿಯೇಬಿಟ್ಟಿದೆ, ಲಾಗಿನ್ ಪರದೆ ಏನೂ ಆಗದವರ ಹಾಗೆ ನಿಂತಿದೆ. ಥೂ. ಸಿಟ್ಟು ಬಂತು, ಅಮ್ಮನ ಮೇಲಲ್ಲ, ಅಮ್ಮನ ಮೇಲೂ ಸ್ವಲ್ಪ. ಸಂಜೆ ಮನೆಯಿಂದ ಹೋಗುವ ತಂಬೂರಿ ಯಾರದು, ಈ ಪಾಡು ಯಾರಿಗೋಸ್ಕರ, ಈಕೆ ನೋಡಿದರೆ ಹುಳಿಗೆ ಉಪ್ಪು ನೋಡಿಸುತ್ತಿದ್ದಾಳೆ. ಮತ್ತೆ ಪಾಸ್‌ವರ್ಡ್ ಇಡು, ಮತ್ತೆ ರೀಸ್ಟಾರ್ಟ್ ಮಾಡು, ಈ ಸಲ ಅಲುಗಾಡದೆ ಕೂತ, ಬೆರಳು ಕೀಲಿಯ ಮೇಲೇ ಇಟ್ಟುಕೊಂಡು. ನಿನ್ನೆ ಮಧ್ಯಾಹ್ನವೂ ಹೀಗೆ ಸುಮ್ಮನೆ ಕೂತಿದ್ದ, ಪೇಪರ್ ತಿದ್ದುತ್ತ, ಯಂತ್ರದ ಸೆಲ್ಲು ಮುಗಿದು ಅಮ್ಮ ಎರಡನ್ನೂ ತೆಗೆದಿಟ್ಟಿದ್ದಳು, ತಂಬೂರಿಯನ್ನು ಕಳಿಸುವ ಮೊದಲು ಒರೆಸೋಣ ಅಂತ ಗವಸು ತೆಗೆದು, ಒರೆಸಿ, ಹಾಗೇ ಅದರ ಹಲಸಿನ ಬುರುಡೆಗೆ ಕೆನ್ನೆಯಾನಿಸಿ ಮೀಟಿದಳು, ಮೀಟುತ್ತಲೇ ಇದ್ದಳು, ಆಮೇಲೆ ಯಾರಿಗೋ ಅನ್ನುವ ಹಾಗೆ, ಹೋಗೋ ಹೊತ್ತಿಗೆ ಸರಿಯಾಯ್ತು ನೋಡು ಇದು. ಪೆನ್ನು ನಿಂತುಹೋಯಿತು. ಯಂತ್ರವಿಲ್ಲ, ಗಾಳಿಯಲ್ಲಿ ಬರುವ ಶಬ್ದ ಕಿವಿಗಿಲ್ಲ, ಮರದಿಂದ ಮೂಳೆಗೆ, ಮೂಳೆಯಿಂದ ನೇರ ಒಳಕ್ಕೆ, ಪಾಠ ಹೇಳುವವನಿಗೆ ಇಷ್ಟು ದಿನ ಇದು ಹೊಳೆಯಬಾರದೇ, ಕೆಟ್ಟದ್ದು ತಂಬೂರಿಯೂ ಅಲ್ಲ ಅಮ್ಮನೂ ಅಲ್ಲ, ನಡುವೆ ಕೂತ ಯಂತ್ರ. ಹೇಳಿದರೆ ಅಮ್ಮ ಒಪ್ಪಲಿಲ್ಲ, ಮಾತೆಲ್ಲ ಸರಿಯಾಗಿ ಕೇಳತ್ತೆ, ಟಿವಿ ಕೇಳತ್ತೆ, ಸಂಗೀತ ಒಂದಕ್ಕೆ ಸುಳ್ಳು ಹೇಳತ್ತಾ ಅದು, ಸರಿ, ಕೇಳಿಸು, ನನ್ನ ಕಿವಿಗೆ ಕೇಳಿಸು, ಆಮೇಲೆ ಒಪ್ತೀನಿ. ವಸಂತನ ಅಂಗಡಿಗೆ ಮಾತ್ರ ಬರುವುದಿಲ್ಲ, ಒಮ್ಮೆ ಅವನು ವಯಸ್ಸಾಯ್ತಲ್ಲಮ್ಮ ಅಂದದ್ದಕ್ಕೆ ಎದ್ದುಬಂದವಳು, ಇನ್ನು ಆ ಮೆಟ್ಟಿಲು ಹತ್ತುವವಳಲ್ಲ. ಬಂತು ನೀಲಿ, ಒತ್ತಿದ, ಪಾಸ್‌ವರ್ಡ್, ಹೂಂ, ಒಪ್ಪಿಕೊಂಡಿತು, ದೇವರು ದೊಡ್ಡವನು.

ದೇವರು ಅಷ್ಟೇನೂ ದೊಡ್ಡವನಲ್ಲ, ಇನ್ನೊಂದು ಚೌಕ ಬಂದಿದೆ, ಈಗ ಬೇರೆ ತಕರಾರು, ಸುಳ್ಳು ಕಂಪ್ಯೂಟರ್ ನಡೆಸಲು ಬೇಕಾದ ಪ್ರೊಸೆಸರಿನ ಸೌಲಭ್ಯ ಬೇರೊಬ್ಬರ ಕೈಯಲ್ಲಿದೆಯಂತೆ, ಯಾರಪ್ಪ ಬೇರೊಬ್ಬರು ಅಂದರೆ ಲಿನಕ್ಸಿನದೇ ಕೆವಿಎಂ, ಅದೂ ಸುಳ್ಳು ಕಂಪ್ಯೂಟರ್ ನಡೆಸುವಂಥದ್ದೇ, ಹೊಸ ಕರ್ನಲ್ ಬಂದಮೇಲೆ ಯಾರೂ ಕರೆಯದಿದ್ದರೂ ತಾನೇ ಎದ್ದು ಆ ಜಾಗ ಹಿಡಿದು ಕೂರುತ್ತದೆ, ಒಂದು ಕುರ್ಚಿ, ಇಬ್ಬರು. ಎಬ್ಬಿಸುವುದು ಸುಲಭ, ಒಂದು ಸಾಲು ಬರೆದರೆ ಆಯಿತು, ಆದರೆ ಯಾವ ಸಾಲು ಅಂತ ಹುಡುಕಬೇಕು, ಹುಡುಕಿದರೆ ಯಾವುದೋ ದೇಶದ ಯಾರೋ ಪುಣ್ಯಾತ್ಮ ಇದೇ ಕಷ್ಟ ಹೇಳಿಕೊಂಡು, ಕೊನೆಗೆ ಸರಿಹೋಯಿತು, ಧನ್ಯವಾದ, ಅಂತ ಬರೆದು ಹೇಗೆ ಸರಿಹೋಯಿತೆಂದು ಹೇಳದೆ ಹೋಗಿದ್ದಾನೆ, ಇಂಥವರನ್ನು ಏನು ಮಾಡಬೇಕು. ಹಾಲ್‌ನಲ್ಲಿ ಅಮ್ಮ ಗವಸಿಗೆ ಗುಂಡಿ ಹೊಲಿಯುತ್ತಿದ್ದಾಳೆ, ಕೊಡುವ ಮನೆಗೆ ಗುಂಡಿಯಿಲ್ಲದ ಗವಸು ಹಾಕಿ ಕಳಿಸಬಾರದು ಅಂತ, ಆ ಹಾಲ್‌ನಲ್ಲೇ, ಆ ಚಾಪೆಯ ಮೇಲೇ, ಸಮನ್ವಿತಾ ಕೂತು ಹಾಡುತ್ತಿದ್ದಳು, ಕೊನೆಯವರೆಗೆ ಉಳಿದ ಒಬ್ಬಳೇ ಶಿಷ್ಯೆ, ಪುಟ್ಟ ಲಂಗದಲ್ಲಿ ಬಂದವಳು ಪಿಯುಸಿಯವರೆಗೆ ಬಂದಳು, ಅಮ್ಮ ಯಂತ್ರ ಹಾಕಿಕೊಂಡ ಹೊಸತರಲ್ಲಿ ಒಂದು ಷಡ್ಜವನ್ನು ಮತ್ತೆ ಮತ್ತೆ ಹಾಡಿಸಿ, ಇಲ್ಲ, ಇಲ್ಲ, ಮೇಲಿದೆ, ಈಗ ಕೆಳಗಿದೆ, ತಂಬೂರಿ ಕೇಳಿಸ್ಕೋ ಅನ್ನುತ್ತಿದ್ದಳು, ಹುಡುಗಿ ಕೇಳಿಸಿಕೊಂಡಳು, ಹಾಡಿದಳು, ಇವನಿಗೆ ಒಳಗಿನಿಂದ ಸರಿಯಾಗಿಯೇ ಕೇಳುತ್ತಿತ್ತು, ಸರಿಯಾಗಿಯೇ ಇದೆ ಅನ್ನಿಸಿತು, ಆದರೆ ಅಮ್ಮ ಇಲ್ಲ ಅಂದಮೇಲೆ ತನ್ನ ಕಿವಿಗೇ ಏನೋ ಅಂತ ಸುಮ್ಮನಾದ, ಹೀಗೆ ಎಷ್ಟೋ ದಿನ, ಕೊನೆಗೊಂದು ದಿನ ಅಮ್ಮ ತಂಬೂರಿ ಕೆಳಗಿಟ್ಟು, ಶ್ರುತಿ ಅನ್ನೋದು ಕಲಿಸಿ ಬರೋದಲ್ಲಮ್ಮ, ಇರಬೇಕು, ನಿನಗಿಲ್ಲ, ಸುಮ್ಮನೆ ನಿನ್ನ ಕಾಲ ನಾನು ಹಾಳುಮಾಡಬಾರದು. ಬೈದು ಹೇಳಿದ್ದಲ್ಲ, ಅಕ್ಕರೆಯಿಂದಲೇ ಹೇಳಿದಳು, ಅದೇ ಕಷ್ಟ, ಬೈದಿದ್ದರೆ ಹುಡುಗಿ ಸಿಟ್ಟು ಮಾಡಿಕೊಂಡಾದರೂ ಬೇರೆ ಕಡೆ ಹೋಗುತ್ತಿದ್ದಳು, ಅಕ್ಕರೆಯಿಂದ ಹೇಳಿದ್ದನ್ನು ನಂಬಿಬಿಟ್ಟಳು. ಈಗ ಇವನ ಕ್ಲಾಸಿಗೇ ಬರುತ್ತಾಳೆ, ನೀಟ್ ಬ್ಯಾಚು, ಕಿಟಕಿ ಪಕ್ಕ ಕೂರುತ್ತಾಳೆ, ಎರಡು ಸ್ವರ ಸ್ವಲ್ಪವೇ ತಪ್ಪಿದ್ದರೆ ಒಟ್ಟಿಗೆ ನುಡಿದಾಗ ಅಲೆ ಅಲೆಯಾಗಿ ಏರಿಳಿಯುತ್ತದಲ್ಲ, ಆ ಪಾಠ ಮಾಡುವಾಗ, ಸಮನ್ವಿತಾ ನಿನಗೆ ಗೊತ್ತಿರುತ್ತೆ, ತಂಬೂರಿಯಲ್ಲಿ ಕೇಳಿರುತ್ತೀಯ ಹೇಳು ಅಂದರೆ, ಎದ್ದುನಿಂತು, ನಂಗೆ ಶ್ರುತಿಜ್ಞಾನ ಇಲ್ಲ ಸಾರ್, ಟೀಚರ್ ಹೇಳಿದ್ದಾರೆ, ಈಗ ಹಾಡೋದು ಬಿಟ್ಬಿಟ್ಟೆ. ಕ್ಲಾಸು ನಕ್ಕಿತು, ಅವಳೂ ನಕ್ಕಳು. ಅಮ್ಮನಿಗೆ ಇದನ್ನು ಹೇಳಿಲ್ಲ, ಯಾಕೆ ಹೇಳುವುದು.

ಸಿಕ್ಕಿತು ಸಾಲು, ಬರೆದ, ಎಂಟರ್, ಏನೂ ಹೇಳದೆ ಸುಮ್ಮನಾಯಿತು, ಲಿನಕ್ಸ್ ಸುಮ್ಮನಾದರೆ ಕೆಲಸ ಆಗಿದೆ ಅಂತ ಅರ್ಥ, ಸ್ಟಾರ್ಟ್ ಒತ್ತಿದ, ಕಪ್ಪು ಕಿಟಕಿ, ಅದರೊಳಗೆ ಚುಕ್ಕಿಗಳು ಸುತ್ತುತ್ತ, ಸುತ್ತುತ್ತ, ಬಂತು, ವಿಂಡೋಸ್ ಬಂತು, ಲ್ಯಾಪ್‌ಟಾಪಿನ ಫ್ಯಾನು ಭರ್ರೆಂದು ಎದ್ದಿತು, ಊಟಕ್ಕೆ ಬಾರೋ ಅಂತ ಅಮ್ಮ, ಕೈಸನ್ನೆಯಲ್ಲಿ ಐದು ನಿಮಿಷ ಅಂದ, ನಿನ್ನ ಐದು ನಿಮಿಷ ನನಗೆ ಗೊತ್ತು ಅಂತ ಅಮ್ಮ ತಟ್ಟೆಯನ್ನು ಮೇಜಿಗೇ ತಂದಿಟ್ಟಳು, ಎಡಗೈಯಲ್ಲಿ ಮೌಸು ಬಲಗೈಯಲ್ಲಿ ಹುಳಿಯನ್ನ, ಕಿವಿಯಂತ್ರದ ಸಾಫ್ಟ್‌ವೇರ್ ತೆರೆದರೆ, ಸಾಧನ ಕಾಣಿಸುತ್ತಿಲ್ಲ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದೆ, ಲಿನಕ್ಸಿಗೆ ಕಾಣುತ್ತಿದೆ, ಒಳಗಿನ ವಿಂಡೋಸಿಗೆ ಕಾಣದು, ಯುಎಸ್‌ಬಿ ಪಟ್ಟಿ ತೆಗೆದರೆ ಖಾಲಿ, ಒಂದು ಗುಂಪಿದೆಯಂತೆ, ಆ ಗುಂಪಿನಲ್ಲಿ ಹೆಸರಿರುವವರಿಗೆ ಮಾತ್ರ ಹೊರಗಿನ ವಸ್ತುವನ್ನು ಒಳಗೆ ಒಯ್ಯುವ ಅಪ್ಪಣೆ, ತನ್ನ ಮನೆ, ತನ್ನ ಲ್ಯಾಪ್‌ಟಾಪು, ತನಗೇ ಅಪ್ಪಣೆಯಿಲ್ಲ. ಹೆಸರು ಸೇರಿಸಿದ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದರೇ ಅದು ಒಪ್ಪುವುದು, ಒಳಗಿನ ವಿಂಡೋಸನ್ನು ಮುಚ್ಚು, ಹೊರಗೆ ಹೋಗು, ಒಳಗೆ ಬಾ, ಮತ್ತೆ ತೆರೆ, ಕೆವಿಎಂ ಮತ್ತೆ ಬಂದು ಕೂತಿಲ್ಲ ಸದ್ಯ, ಪಟ್ಟಿಯಲ್ಲಿ ಈಗ ಪೆಟ್ಟಿಗೆಯ ಹೆಸರಿದೆ, ಅದರ ಮುಂದಿನ ಚೌಕಕ್ಕೆ ಗುರುತು ಹಾಕಿದ, ಟಿಣ್ ಅಂತ ಒಳಗಿನ ವಿಂಡೋಸು ಸದ್ದು ಮಾಡಿತು, ಎಡ ಕಿವಿ ಸಿಕ್ಕಿತು, ಬಲ ಕಿವಿ ಸಿಕ್ಕಿತು. ಕೈತೊಳೆದು ಬಂದು ವಸಂತನಿಗೆ ಫೋನು ಹಚ್ಚಿದ, ಎರಡು ಗುರುತು ಕಾಣ್ತಿದೆಯಾ ನೋಡು ಅಂದ ಅವನು, ಒಂದು ಮೇಲಿನ ಸ್ವರಗಳನ್ನ ಕೆಳಕ್ಕಿಳಿಸೋದು, ಇನ್ನೊಂದು ಸಿಳ್ಳೆ ತಡೆಯೋದು, ಎರಡೂ ಆನ್ ಇದೆ, ಪೂರ್ತಿ ಆನ್ ಇದೆ, ಯಾಕೋ ಹೀಗೆ ಇಟ್ಟೆ ಅಂತ ಇವನು, ಎಲ್ರಿಗೂ ಹಾಗೇ ಬರತ್ತೆ ಕಣೋ, ಯಂತ್ರ ಮಾಡಿರೋದೇ ಮಾತಿಗೆ ಅಂತ, ಮೇಲಿನ ಶಬ್ದ ಕೇಳಿಸದ ಕಿವಿಗೆ ಅದನ್ನ ಕೆಳಗೆ ತಂದು ಕೊಡತ್ತೆ, ಸ ಶ ಗೊತ್ತಾಗ್ಲಿ ಅಂತ, ತಂಬೂರಿ ನಾದ ಎಳೆದು ನಿಂತ್ರೆ ಅದನ್ನ ಸಿಳ್ಳೆ ಅಂದ್ಕೊಂಡು ಒರೆಸೋಕೆ ನೋಡತ್ತೆ, ನಮ್ಮಲ್ಲಿಗೆ ಬರೋರು ಮೊಮ್ಮಕ್ಕಳ ಮಾತು ಕೇಳಿದ್ರೆ ಸಾಕು ಅಂತಾರೆ, ತಂಬೂರಿ ಅಂತ ಯಾರು ಹೇಳಿದ್ರು ನಂಗೆ. ಯಾರೂ ಹೇಳಿರಲಿಲ್ಲ, ನಿಜ, ಅಮ್ಮ ಸಂಗೀತದ ಟೀಚರು ಅನ್ನುವುದು ಇಡೀ ಸರಸ್ವತಿಪುರಂಗೆ ಗೊತ್ತು ಅಂತ ಅಮ್ಮ ಅಂದುಕೊಂಡಿದ್ದಳು, ಇವನೂ. ಸಂಗೀತಕ್ಕೆ ಬೇರೆಯದೇ ಒಂದು ಹೊಂದಾಣಿಕೆ ಸೇರಿಸಿದ, ಎರಡೂ ಗುರುತು ತೆಗೆದ, ವಸಂತ ಹೇಳಿದ ಹಾಗೆ ಶಬ್ದಮಟ್ಟದ ಗೆರೆಗಳನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸುವಷ್ಟರಲ್ಲಿ ಸಂಜೆಯಾಗಿತ್ತು, ಯಂತ್ರಕ್ಕೆ ಬರೆ ಅನ್ನುವುದನ್ನು ಒತ್ತಿದ, ಪಟ್ಟಿ ಮೆಲ್ಲಗೆ ತುಂಬತೊಡಗಿತು, ಹೊರಗೆ ಆಟೋ ನಿಂತ ಸದ್ದು, ಗೇಟಿನ ಚಿಲಕ, ಸುಂದರಮ್ಮನೋರೇ ಇದ್ದೀರಾ ಅಂತ ಕೃಷ್ಣಸ್ವಾಮಿಗಳ ದನಿ, ಕೆಡದಿರಲಿ ಇದು, ಇನ್ನೊಂದು ಚೂರು, ಮಧ್ಯದಲ್ಲಿ ಕೈಕೊಡದಿರಲಿ, ತುಂಬಿತು.

ಅವರು ಸೋಫಾದ ತುದಿಯಲ್ಲಿ ಕೂತಿದ್ದಾರೆ, ಒಂದು ವಸ್ತು ಒಯ್ಯಲು ಬಂದವರ ಸಂಕೋಚದಲ್ಲಿ, ಅಮ್ಮ ಎಡದ್ದು ಹಾಕಿಕೊಂಡಳು, ಬಲದ್ದು ಹಾಕಿಕೊಂಡಳು, ಹೊಲಿದು ಮುಗಿಸಿದ ಗವಸಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ತಂಬೂರಿಯನ್ನು ನಿಲ್ಲಿಸಿ ಹಿಡಿದು ಪಂಚಮ ಮೀಟಿದಳು, ಆಮೇಲೆ ನಡುವಿನ ಎರಡು ಸಾರಣಿಗಳು, ಆಮೇಲೆ ಮಂದ್ರ, ಇವನು ತಂತಿ ನೋಡಲಿಲ್ಲ, ಮುಖ ನೋಡುತ್ತಿದ್ದ, ಮುಖದಲ್ಲಿ ಏನೂ ಇಲ್ಲ, ಮಂದ್ರದ ತಂತಿಯ ಕೆಳಗೆ ಸಿಕ್ಕಿಸಿದ ಜೀವದ ದಾರ ಒಂದೆಳೆ ಸರಿಸಿದಳು, ಶ್ರುತಿ ತಿದ್ದುವ ಮಣಿಯನ್ನು ಕೂದಲೆಳೆಯಷ್ಟು ಕೆಳಗೆ ತಂದಳು, ಮತ್ತೆ ಮೀಟಿದಳು, ನಾಲ್ಕೂ ಒಂದಾಗಿ ಹಾಲ್ ತುಂಬಾ ತುಂಬಿಕೊಂಡಿತು, ಅಮ್ಮನ ಕಣ್ಣು ಮುಚ್ಚಿತು. ಕೃಷ್ಣಸ್ವಾಮಿ, ಕಾಫಿ ಕುಡ್ಕೊಂಡು ಹೋಗಿ, ತಂಬೂರಿ ಬರೋದಿಲ್ಲ. ಅವರು ಒಂದು ಕ್ಷಣ ನೋಡಿ ನಕ್ಕೇಬಿಟ್ಟರು, ನಂಗೂ ಅದೇ ಬೇಕಾಗಿತ್ತು ಕಣ್ರಮ್ಮ ಅಂದರು, ಕಾಫಿ ಇನ್ನೊಮ್ಮೆ ಬಂದಾಗ ಆಗಲಿ, ಆಟೋದವನು ಕಾಯ್ತಿದ್ದಾನೆ ಅಂತ ಹಗುರಾಗಿ ಹೊರಟೇಹೋದರು, ಆಟೋ ಹಾಗೇ ಖಾಲಿ ಹೋಯಿತು, ಇವನಿಗೆ ಇಷ್ಟು ಖುಷಿ ಯಾವಾಗ ಆಗಿತ್ತೋ, ಗೆದ್ದೆ ಕಣೋ ಅಂತ ವಸಂತನಿಗೆ ಹೇಳಬೇಕು, ಅಮ್ಮ ಇನ್ನೂ ಮೀಟುತ್ತಿದ್ದಾಳೆ, ಮೀಟಲಿ, ಇನ್ನು ಬೇಕಾದಷ್ಟು ಮೀಟಲಿ.

ನಿಂತಿತು. ಎಳೆಯುತ್ತಿದ್ದ ನಾದ ಮಧ್ಯದಲ್ಲೇ ಕತ್ತರಿಸಿ ನಿಂತಿತು, ಏನಾಯಿತು, ಸೆಲ್ಲು ಹೋಯಿತೇ, ಬರೆದದ್ದು ಅಳಿಸಿತೇ, ಅಂತ ತಿರುಗಿದರೆ ಅಮ್ಮ ನಾಲ್ಕು ತಂತಿಗಳ ಮೇಲೂ ಅಂಗೈ ಒತ್ತಿ ಹಿಡಿದಿದ್ದಾಳೆ. ಆ ಮಗು ಸರಿಯಾಗೇ ಹಾಡ್ತಿತ್ತಲ್ಲೋ. ದೊಡ್ಡ ದನಿಯಲ್ಲಲ್ಲ, ಈಗ ಕಿವಿ ಇದೆ, ಮೆಲ್ಲಗೇ ಅಂದಳು. ಇಷ್ಟು ಹೊತ್ತು ಕರ್ನಲ್ಲು, ಸಹಿ, ಗುಂಪು ಅಂತ ಗುದ್ದಾಡಿದವನಿಗೆ ಇದೊಂದು ತಲೆಗೇ ಬಂದಿರಲಿಲ್ಲ, ತಂಬೂರಿ ಸರಿ ಅಂತ ತೋರಿಸಿಕೊಟ್ಟರೆ ಅದರ ಜೊತೆಗೆ ಇನ್ನೇನನ್ನು ತೋರಿಸಿಕೊಟ್ಟಂತಾಗುತ್ತೆ ಅಂತ, ಯಂತ್ರ ಕೆಟ್ಟೇ ಇದ್ದಿದ್ದರೆ ಅಮ್ಮ ತಂಬೂರಿ ಕೊಟ್ಟು ಕಣ್ಣೊರೆಸಿಕೊಂಡು ಸುಮ್ಮನಾಗುತ್ತಿದ್ದಳು, ಹುಡುಗಿಗೆ ಹೇಳಿದ್ದು ಸರಿಯಾಗಿಯೇ ಉಳಿಯುತ್ತಿತ್ತು, ಈಗ ಅಮ್ಮನ ಅಂಗೈ ತಂತಿಗಳ ಮೇಲಿದೆ. ಒಳಗೆ ಹೋಗಿ ಆ ವರ್ಚುವಲ್ ಮಷೀನ್ ಮುಚ್ಚಬೇಕು, ಪೆಟ್ಟಿಗೆಯ ವೈರು ಸುತ್ತಿಡಬೇಕು, ನಾಳೆ ಬೆಳಿಗ್ಗೆ ಅಗ್ರಹಾರ, ಅಲ್ಲಿಂದ ಕ್ಲಾಸು, ನೀಟ್ ಬ್ಯಾಚು, ಕಿಟಕಿಯ ಪಕ್ಕ, ಅಂಗೈ, ನರಗಳುಬ್ಬಿದ ಕೈ, ತೆಗೆಯುತ್ತಿಲ್ಲ. ಈಗ ಎಲ್ಲಿ ಹಾಡ್ತಾಳೋ ಅವಳು, ಯಾರ ಹತ್ರ ಕಲೀತಿದ್ದಾಳೆ, ಅಂತ ಅಮ್ಮ. ನಿನ್ನೆಯಾಗಿದ್ದರೆ ಗೋಡೆ ಕಡೆ ತಿರುಗಿ ಏನೋ ಒಂದು ಗೊಣಗಿ ಎದ್ದು ಹೋಗಬಹುದಿತ್ತು, ಈಗ ಗೊಣಗಿದರೆ ಕೇಳುತ್ತೆ, ಸುಮ್ಮನಿದ್ದರೂ ಕೇಳುತ್ತೆ, ನಂಗೆ ಶ್ರುತಿಜ್ಞಾನ ಇಲ್ಲ ಸಾರ್ — ಅಮ್ಮ ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದಾಳೆ, ಎರಡೂ ಕಿವಿಯಲ್ಲಿ ಯಂತ್ರ, ತಂತಿಗಳ ಮೇಲೆ ಅಂಗೈ, ಒಂದು ಬೆರಳೂ ಅಲುಗದ ಅಂಗೈ, ಅಂಗೈ